ತಂತಿಯ ಮೂರು ಎಲ್ಲೆಗಳು

ಚಾಮರಾಜಪೇಟೆಯ ಒಂದು ಸ್ಕ್ಯಾನಿಂಗ್ ಸೆಂಟರ್. ಬೆಳಿಗ್ಗೆ ಏಳಕ್ಕೇ ಬೆಂಚು ಭರ್ತಿ. ಸೊಂಟ ಹಿಡಿದುಕೊಂಡ ಆಟೋ ಚಾಲಕ, ಹಳೇ ಫಿಲ್ಮುಗಳ ಕವರ್ ಮಡಿಲಲ್ಲಿಟ್ಟುಕೊಂಡ ಅಜ್ಜಿ.

"ಅಜ್ಜಿ, ಸೆರಗಿನ ಪಿನ್ನು ತೆಗೀರಿ. ತಲೇಲಿ ಹೇರ್‌ಪಿನ್ ಇದ್ಯಾ?"

"ಇನ್ನೂ ಮಿಷನ್ನೇ ಶುರು ಮಾಡಿಲ್ವಲ್ಲಮ್ಮ?"

"ಅದರ ಆಯಸ್ಕಾಂತ ಯಾವಾಗಲೂ ಆನ್ ಇರುತ್ತೆ ಅಜ್ಜಿ. ಕರೆಂಟ್ ಹೋದ್ರೂ ಸೆಳೆತ ಹೋಗಲ್ಲ."

ದಪ್ಪ ಬಾಗಿಲು ತೆರೆದೊಡನೆ ಚಿಕ್-ಚುಂ, ಚಿಕ್-ಚುಂ ಸದ್ದು; ಒಳಗಿನ ದ್ರವ ಹೀಲಿಯಂ ಆವಿಯಾಗದಂತೆ ತಂಪು ಕಾಯುವ ಯಂತ್ರದ್ದು. ಎಂಆರ್‌ಐನ ಬಿಳಿ ಸುರಂಗದ ಗೋಡೆಯೊಳಗೆ, 4.2 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕಿಲೋಮೀಟರುಗಟ್ಟಲೆ ತಂತಿ ಸುತ್ತಿಕೊಂಡು ಕೂತಿದೆ. ತಾಮ್ರದೊಳಗೆ ಹುದುಗಿದ ಕೂದಲೆಳೆಯಂಥ ನಯೋಬಿಯಂ–ಟೈಟಾನಿಯಂ. ಒಮ್ಮೆ ನೂರಾರು ಆಂಪಿಯರ್ ತುಂಬಿ ಸುರುಳಿಯನ್ನು ಮುಚ್ಚಿದರೆ ಆ ವಿದ್ಯುತ್ತು ವರ್ಷಗಟ್ಟಲೆ ಸುತ್ತುತ್ತದೆ, 1.5 ಟೆಸ್ಲಾ ಕಾಂತಕ್ಷೇತ್ರ ನಿಂತಿರುತ್ತದೆ.

ಆದರೆ ಈ ತಂತಿಗೆ ಎಲ್ಲೆಗಳಿವೆ. 9 ಕೆಲ್ವಿನ್ ಚಿಲ್ಲರೆ ದಾಟಿದರೆ ತಡೆಯೇ ಇಲ್ಲದೆ ವಿದ್ಯುತ್ತು ಹರಿಸುವ ಗುಣ, ಅಂದರೆ ಅತಿವಾಹಕತೆ, ಮಾಯ. ಕಾಂತಕ್ಷೇತ್ರ ಏರಿದಷ್ಟೂ ಅದು ಹೊರಬಲ್ಲ ವಿದ್ಯುತ್ತು ಇಳಿಯುತ್ತದೆ. ಇನ್ನೂ ಪ್ರಬಲ ಆಯಸ್ಕಾಂತಗಳಿಗೆ ಬಳಸುವ ನಯೋಬಿಯಂ–ತವರದ ತಂತಿಗೆ ಎಳೆತವೂ ಆಗದು. ಬಾಗಿಸಿದರೆ ಬಿರುಕು ಬಿಡುವ ಅದನ್ನು ಸಾಮಾನ್ಯವಾಗಿ ಮೊದಲು ಸುತ್ತಿ, ಆಮೇಲೆ ಸುಮಾರು 650 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಸುರುಳಿಯ ಒಂದೆಳೆ ತುಸು ಅಲುಗಿ ಬಿಸಿಯಾದರೂ ಸಾಕು, ಆ ಬಿಸಿ ಪಕ್ಕಕ್ಕೆ ಹರಡಿ, ಹೀಲಿಯಂ ಕುದಿದು, ಕೊಳವೆಯಿಂದ ಭುಸ್ಸನೆ ಹೊರಗೆ ಹಾರಿಹೋಗುತ್ತದೆ.

ಹೀಗಾಗದಂತೆ, ಪ್ರಯೋಗಾಲಯದಲ್ಲಿ ತಂತಿಯ ತುಣುಕನ್ನು ತಣಿಸಿ, ಕ್ಷೇತ್ರಕ್ಕೊಡ್ಡಿ, ಎಳೆದು, ವಿದ್ಯುತ್ತನ್ನು ಮೆಲ್ಲಗೆ ಏರಿಸುತ್ತಾರೆ. ಪ್ರತಿ ಸೆಂಟಿಮೀಟರಿಗೆ ಒಂದು ಮೈಕ್ರೊವೋಲ್ಟ್ ಕಾಣಿಸಿಕೊಂಡಲ್ಲಿಗೆ ತಂತಿಯ ಶಕ್ತಿ ಮುಗಿಯಿತು ಎಂದು ಲೆಕ್ಕ.

ಹೊಸ ವಸ್ತುಗಳಿಗೂ ಈ ಅಳತೆ ತಪ್ಪಿದ್ದಲ್ಲ. 1986ರಲ್ಲಿ ಜ್ಯೂರಿಕ್‌ನಿಂದ ತಾಮ್ರದ ಆಕ್ಸೈಡ್ ಅತಿವಾಹಕದ ಸುದ್ದಿ ಬಂದಾಗ, ಬೆಂಗಳೂರಿನಲ್ಲೇ ಹುಟ್ಟಿದ ಸಿ.ಎನ್.ಆರ್. ರಾವ್ ಅವರ ತಂಡ ಮಲ್ಲೇಶ್ವರದಾಚೆಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ತಕ್ಷಣ ಅದರ ಬೆನ್ನು ಹತ್ತಿತು. ಮರುವರ್ಷವೇ 93 ಕೆಲ್ವಿನ್ ಮುಟ್ಟಿದ ಇಟ್ರಿಯಂ–ಬೇರಿಯಂ–ತಾಮ್ರದ ಆಕ್ಸೈಡ್ ಬಂತು. ಅದಕ್ಕೆ ಅಗ್ಗದ ದ್ರವ ಸಾರಜನಕವೇ ಸಾಕು. ಆದರೂ ಅದು ಪಿಂಗಾಣಿ ಜಾತಿಯದ್ದು. ಟೇಪಾಗಿಸಿದಾಗಲೂ ಕ್ಷೇತ್ರ ಯಾವ ದಿಕ್ಕಿನಿಂದ ಬೀಳುತ್ತದೆ ಎಂಬುದರ ಮೇಲೆ ಅದು ಹೊರುವ ವಿದ್ಯುತ್ತು ಏರಿಳಿಯುತ್ತದೆ.

ಹೊಸ ವಸ್ತು ಕಂಡುಹಿಡಿದವರನ್ನು ನಾವು ಮೆರೆಸುತ್ತೇವೆ, ಮೆರೆಸಬೇಕಾದ್ದೇ. ಅದು ಎಲ್ಲಿಯವರೆಗೆ ತಾಳುತ್ತದೆಂದು ಅಳೆದು ಪಟ್ಟಿ ಮಾಡಿದವರಿಗೂ ಅಷ್ಟೇ ಗೌರವ ಸಲ್ಲಬೇಕು. ಅವರ ಅಳತೆಯ ಬಲದ ಮೇಲೆಯೇ ಅಜ್ಜಿ ನಿಶ್ಚಿಂತೆಯಿಂದ ಸುರಂಗದೊಳಗೆ ಮಲಗಬಲ್ಲರು.