ಪರದೆ ಎಲ್ಲಿ ನಿಂತಿತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ, ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳನ್ನು ಅದು ಬಹುಪಾಲು ಒಪ್ಪುವುದಿಲ್ಲ. ಹೀಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆ ಅಣ್ಣನ ಡಿಗ್ರಿ ಕಾಲದ ಲ್ಯಾಪ್‌ಟಾಪ್ ಬೀರು ಸೇರುವುದು ಸಹಜ. ಲಿನಕ್ಸ್ ಹಾಕಿದರೆ ಅದೇ ಯಂತ್ರ ಇನ್ನೂ ನಾಲ್ಕಾರು ವರ್ಷ ದುಡಿದೀತು. ನಮ್ಮ ರಾಜ್ಯಕ್ಕೆ ಲಿನಕ್ಸ್ ಹೊಸದೂ ಅಲ್ಲ. ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಲಿನಕ್ಸ್‌ನದೇ ಒಂದು ಬಗೆಯಾದ ಉಬುಂಟುವನ್ನು ಬಳಸಿದ್ದವು.

ತೊಡಕು ಬರುವುದು ಬೂಟ್ ಆಗುವಾಗ. ‘ಬೋರ್ಡ್ ಹೋಗಿದೆ’ ಎಂದುಕೊಂಡು ದಾವಣಗೆರೆ ಬಸ್ ಹತ್ತುವ ಮೊದಲು ಪರದೆ ಎಲ್ಲಿ ನಿಂತಿತೆಂದು ನೋಡಬೇಕು. ನಿಂತ ಜಾಗವೇ ಅರ್ಧ ಉತ್ತರ.

ಲಿನಕ್ಸ್ ಹಾಕಲು ಸಿದ್ಧಪಡಿಸಿದ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲೇ ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ಪೆನ್‌ಡ್ರೈವ್‌ನದು. ಲಿನಕ್ಸ್‌ನ ಐಎಸ್‌ಒ ಕಡತವನ್ನು ಅದಕ್ಕೆ ಸುಮ್ಮನೆ ಕಾಪಿ ಮಾಡಿದರೆ ಸಾಲದು, ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ ಅಲ್ಲೇ ಎಚ್ಚರ. ಒಂದರ ಮುಂದೆ ‘ಯುಇಎಫ್‌ಐ’ ಎಂದಿರುತ್ತದೆ, ಇನ್ನೊಂದು ಹಳೆಯ ಬಯೋಸ್ ದಾರಿ. ವಿಂಡೋಸ್ ಯುಇಎಫ್‌ಐನಲ್ಲಿದ್ದು ಲಿನಕ್ಸನ್ನು ಹಳೆಯ ದಾರಿಯಲ್ಲಿ ಹಾಕಿದರೆ, ಇನ್‌ಸ್ಟಾಲ್ ನೂರಕ್ಕೆ ನೂರು ಮುಗಿದರೂ ಮುಂದಿನ ಸಲ ಎರಡನ್ನೂ ಸೇರಿಸಿ ತೋರಿಸುವ ‘ಗ್ರಬ್’ ಮೆನು ಬರುವುದೇ ಇಲ್ಲ. ಇನ್‌ಸ್ಟಾಲ್‌ಗೆ ಮುಂಚೆ, ಪೆನ್‌ಡ್ರೈವ್‌ನಿಂದಲೇ ತೆರೆದುಕೊಳ್ಳುವ ಲೈವ್ ಪರದೆಯಲ್ಲಿ ‘ಸಿಸ್’ ಫೋಲ್ಡರಿನ ‘ಫರ್ಮ್‌ವೇರ್’ ಒಳಗೆ ‘ಇಎಫ್‌ಐ’ ಇದೆಯೇ ಎಂದು ನೋಡಿದರೆ ಯಾವ ದಾರಿಯೆಂದು ಗೊತ್ತಾಗುತ್ತದೆ. ಒಂದು ನಿಮಿಷದ ಕೆಲಸ, ಆದರೂ ಮಾಡುವವರು ಕಡಿಮೆ.

ಮೆನು ಬಂದು, ಆಮೇಲೆ ಪರದೆ ಕಪ್ಪಾದರೆ ಗುಮಾನಿ ಗ್ರಾಫಿಕ್ಸ್ ಮೇಲೆ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ನೋ, ಮೋಡ್, ಸೆಟ್ ಎಂಬ ಮೂರು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಸೇರಿಸಿ ಎಫ್10 ಒತ್ತಬೇಕು. ಅದು ಆ ಒಂದು ಸಲಕ್ಕಷ್ಟೇ, ಹಾಳಾಗುವುದೇನೂ ಇಲ್ಲ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಬದಲು ಎಎಚ್‌ಸಿಐ ಆರಿಸಬೇಕು. ವಿಂಡೋಸೂ ಉಳಿಯಬೇಕೆನ್ನುವವರು ಇದಕ್ಕೆ ಆತುರಪಡಬಾರದು. ಸಿದ್ಧತೆಯಿಲ್ಲದೆ ಬದಲಿಸಿದರೆ ವಿಂಡೋಸ್ ಏಳದೇ ಹೋಗಬಹುದು.

ಹೆಚ್ಚು ಗೋಳಾಡಿಸುವುದು ಕೊನೆಯ ಹಂತ: ಎಲ್ಲ ಮುಗಿದ ಮೇಲೂ ‘ಬೂಟ್ ಆಗುವ ಸಾಧನವಿಲ್ಲ’ ಎಂಬ ಸಂದೇಶ. ಏಸರ್‌ನ ಹಲವು ಮಾದರಿಗಳಲ್ಲಿ ಇದಕ್ಕೊಂದು ವಿಚಿತ್ರ ಕಾರಣವಿದೆ. ಬಯೋಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಡುವ ತನಕ ಸೆಕ್ಯೂರ್ ಬೂಟ್ ಆಯ್ಕೆಗಳು ಮಂಕಾಗಿಯೇ ಇರುತ್ತವೆ. ಪಾಸ್‌ವರ್ಡ್ ಇಟ್ಟ ಮೇಲೆ ಡಿಸ್ಕಿನ ‘ಇಎಫ್‌ಐ’, ಅದರೊಳಗಿನ ‘ಉಬುಂಟು’ ಫೋಲ್ಡರಿಗೆ ಹೋಗಿ, ಅಲ್ಲಿರುವ ‘ಶಿಮ್’ ಕಡತವನ್ನು ನಂಬಿಕಸ್ಥ ಎಂದು ಗುರುತಿಸಬೇಕು. ಆ ಪಾಸ್‌ವರ್ಡನ್ನು ಬರೆದಿಟ್ಟುಕೊಳ್ಳುವುದು ಮುಖ್ಯ, ಮರೆತರೆ ಬಯೋಸ್ ಬಾಗಿಲೇ ಬಂದ್.

ಬಹಳ ದಿನ ಮೂಲೆಗಿಟ್ಟ ಯಂತ್ರದಲ್ಲಿ ಇನ್ನೊಂದು ಕಾಟ: ಪ್ರತಿ ಸಲ ತಾರೀಖು ಹಳೆಯ ವರ್ಷಕ್ಕೆ ಹೋಗುತ್ತದೆ, ಬಯೋಸ್ ಸೆಟ್ಟಿಂಗೂ ಅಳಿಸಿರಬಹುದು, ಅಪ್‌ಡೇಟ್ ಕೈಕೊಡುತ್ತದೆ. ಬೋರ್ಡಿನ ಮೇಲಿನ ಪುಟ್ಟ ಸೆಲ್ ಸತ್ತಿದೆ ಎಂದರ್ಥ. ಕೆಲವದರಲ್ಲಿ ಅದು ಸಿಆರ್2032, ಕೆಲವದರಲ್ಲಿ ವೈರ್ ಬೆಸೆದ ಬೇರೆ ನಮೂನೆ. ಆದ್ದರಿಂದ ಹಳೆಯದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೇ ಅಂಗಡಿಗೆ ಹೋಗಬೇಕು.