ಮಂಗೋಲಿಯದ ಹುಸ್ತಾಯಿ ಉದ್ಯಾನ ಮತ್ತು ಹುಲ್ಲುಗಾವಲಿನ ನಿರ್ವಹಣೆ

ಉಳುಮೆಗೆ ಬಾರದ, ಹುಲ್ಲು ಮಾತ್ರ ಬೆಳೆಯುವ ನೆಲವನ್ನು ಪಾಳು ಭೂಮಿಯೆಂದು ಎಣಿಸುವುದು ವಾಡಿಕೆ. ಆದರೆ ಹುಲ್ಲು ಸಹ ಒಂದು ಬೆಳೆ. ಬಿತ್ತನೆ, ಗೊಬ್ಬರ, ಕಳೆ ಕೀಳುವ ಖರ್ಚು ಯಾವುದೂ ಇಲ್ಲದೆ ವರ್ಷ ವರ್ಷವೂ ಕೈಗೆ ಬರುವ ಈ ಬೆಳೆ, ಸಕಾಲದಲ್ಲಿ ಸ್ವಲ್ಪ ಬಿಡುವನ್ನು ಬೇಡುತ್ತದೆ. ಆ ಬಿಡುವು ದೊರೆತಾಗ ಏನಾಗುತ್ತದೆ, ದೊರೆಯದಿದ್ದಾಗ ಏನಾಗುತ್ತದೆ ಎಂಬುದನ್ನು ಅಕ್ಕಪಕ್ಕದಲ್ಲೇ ನೋಡಬಹುದಾದ ಸ್ಥಳ ಮಂಗೋಲಿಯ ದೇಶದ ಹುಸ್ತಾಯಿ ರಾಷ್ಟ್ರೀಯ ಉದ್ಯಾನ.

ಪ್ರದೇಶದ ಸ್ವರೂಪ

ಹುಸ್ತಾಯಿ ಉದ್ಯಾನವು ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಿಂದ ನೈಋತ್ಯಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿದೆ. ವಿಸ್ತೀರ್ಣ ಸುಮಾರು 50,000 ಹೆಕ್ಟೇರು. 1993ರಲ್ಲಿ ರಕ್ಷಿತ ಪ್ರದೇಶವಾಗಿ, 1998ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಇದನ್ನು ಘೋಷಿಸಲಾಯಿತು. 2002ರಲ್ಲಿ ಯುನೆಸ್ಕೊ ಸಂಸ್ಥೆಯ ಜೀವಗೋಲ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿತು.

ಇಲ್ಲಿ ಮಳೆ ಕಡಿಮೆ. ವರ್ಷಕ್ಕೆ ಸುಮಾರು 250 ಮಿ.ಮೀ.; ಅದರಲ್ಲಿ ಹೆಚ್ಚಿನ ಭಾಗ ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿ ಬೀಳುತ್ತದೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆ. ಕೆಳಗೂ ಇಳಿಯುವುದುಂಟು. ಹುಲ್ಲು ಬೆಳೆಯಲು ಸಿಗುವ ಕಾಲ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ಮಾತ್ರ.

ಇಂತಹ ನೆಲದಲ್ಲಿ ಮರ ಎಲ್ಲಿ ಬೆಳೆಯಬೇಕು, ಹುಲ್ಲು ಎಲ್ಲಿ ಬೆಳೆಯಬೇಕು ಎಂಬುದನ್ನು ತೇವಾಂಶವೇ ನಿರ್ಧರಿಸುತ್ತದೆ. ಬೆಟ್ಟಗಳ ಉತ್ತರದ ಇಳಿಜಾರಿಗೆ ಬಿಸಿಲು ಕಡಿಮೆ. ಹಿಮ ನಿಧಾನವಾಗಿ ಕರಗುತ್ತದೆ, ತೇವ ಉಳಿಯುತ್ತದೆ. ಆದ್ದರಿಂದ ಅಲ್ಲಿ ಬರ್ಚ್ ಮರಗಳ ತೋಪುಗಳಿವೆ. 'ಹುಸ್' ಎಂದರೆ ಮಂಗೋಲಿಯನ್ ಭಾಷೆಯಲ್ಲಿ ಬರ್ಚ್ ಮರ. ಉದ್ಯಾನದ ಹೆಸರು ಬಂದುದು ಇದರಿಂದಲೇ. ದಕ್ಷಿಣದ ಇಳಿಜಾರು ಬೇಗ ಒಣಗುವುದರಿಂದ ಅಲ್ಲಿ ಸ್ಟೈಪಾ ಮುಂತಾದ ಒಣ ನೆಲದ ಹುಲ್ಲುಗಳು ಬೆಳೆಯುತ್ತವೆ. ಕಣಿವೆಗಳಲ್ಲಿಯೂ ತೂಲ್ ನದಿಯ ದಂಡೆಯಲ್ಲಿಯೂ ನೀರು ಇಂಗಿ ನಿಲ್ಲುವುದರಿಂದ ಹಸಿರು ಹುಲ್ಲುಗಾವಲುಗಳಿವೆ. ಈ ರೀತಿ ಕಾಡು, ಒಣ ಹುಲ್ಲು, ಕಣಿವೆಯ ಹಸಿ ಹುಲ್ಲು ಮೂರೂ ಪಕ್ಕಪಕ್ಕದಲ್ಲಿರುವ ನೆಲವನ್ನು ಕಾಡು-ಸ್ಟೆಪ್ಪಿ ಎಂದು ಕರೆಯುತ್ತಾರೆ. ಬೇಸಿಗೆಯಲ್ಲಿ ಕಣಿವೆ, ಚಳಿಗಾಲದಲ್ಲಿ ಗಾಳಿಯ ಹೊಡೆತಕ್ಕೆ ಹಿಮ ಸರಿದುಹೋದ ಇಳಿಜಾರು, ಬಿರುಗಾಳಿಯಲ್ಲಿ ಮರಗಳ ಮರೆ. ಹೀಗೆ ಪ್ರಾಣಿಗಳಿಗೆ ಕಾಲಕ್ಕೆ ತಕ್ಕ ಆಸರೆ ಒಂದೇ ಕಡೆ ದೊರೆಯುತ್ತದೆ.

ತಾಖಿ ಕುದುರೆ ಮರಳಿ ಬಂದ ಬಗೆ

ಈ ಉದ್ಯಾನ ಹುಟ್ಟಿದ್ದು ಒಂದು ಕುದುರೆಯ ಸಲುವಾಗಿ. ಮಂಗೋಲಿಯದವರು ತಾಖಿ ಎನ್ನುವ, ವಿಜ್ಞಾನಿಗಳು ಪ್ರಝೆವಾಲ್ಸ್ಕಿ ಕುದುರೆ ಎಂದು ಕರೆಯುವ ಈ ಪ್ರಾಣಿಗೆ ಗಿಡ್ಡ ಮೈಕಟ್ಟು, ಮಾಸಲು ಕಂದು ಬಣ್ಣ, ನೆಟ್ಟಗೆ ನಿಂತ ಕುತ್ತಿಗೆಯ ಕೂದಲು ಇರುತ್ತವೆ. ಸಾಕು ಕುದುರೆಯಲ್ಲಿ 64 ವರ್ಣತಂತುಗಳಿದ್ದರೆ ತಾಖಿಯಲ್ಲಿ 66 ಇವೆ.

1960ರ ದಶಕದ ಕೊನೆಯ ನಂತರ ಕಾಡಿನಲ್ಲಿ ತಾಖಿ ಕಾಣಿಸಲಿಲ್ಲ. ಮೃಗಾಲಯಗಳಲ್ಲಿ ಉಳಿದಿದ್ದ ಎಲ್ಲ ತಾಖಿಗಳೂ ಕಾಡಿನಿಂದ ಹಿಡಿದು ತಂದ ಹನ್ನೆರಡರಷ್ಟು ಕುದುರೆಗಳ ಸಂತತಿ. ಹತ್ತಿರದ ಸಂಬಂಧದಲ್ಲಿಯೇ ಸಂಕರವಾಗುತ್ತ ಹೋದರೆ ತಳಿ ಕುಗ್ಗುತ್ತದೆ ಎಂಬುದು ಪಶುಪಾಲಕರಿಗೆ ತಿಳಿದ ವಿಷಯವೇ. ಆದ್ದರಿಂದ ನೆದರ್ಲೆಂಡ್ಸ್‌ನಲ್ಲಿ 1977ರಲ್ಲಿ ಸ್ಥಾಪನೆಯಾದ ಒಂದು ಪ್ರತಿಷ್ಠಾನವು ಬೇರೆ ಬೇರೆ ಮೃಗಾಲಯಗಳ ತಾಖಿಗಳನ್ನು ಒಟ್ಟುಗೂಡಿಸಿ, ವಂಶಾವಳಿ ನೋಡಿ ಸಂಕರ ಮಾಡಿಸಿತು. 1992ರಲ್ಲಿ ಮೊದಲ 16 ಕುದುರೆಗಳು ವಿಮಾನದಲ್ಲಿ ಹುಸ್ತಾಯಿಗೆ ಬಂದವು. 2000ದವರೆಗೆ ಒಟ್ಟು 84 ಕುದುರೆಗಳನ್ನು ತರಲಾಯಿತು. ಬಂದ ಕುದುರೆಗಳನ್ನು ಕೂಡಲೇ ಬಯಲಿಗೆ ಬಿಡದೆ, ದೊಡ್ಡ ಬೇಲಿಯೊಳಗಿಟ್ಟು ಅಲ್ಲಿಯ ಹುಲ್ಲಿಗೂ ಚಳಿಗೂ ಒಗ್ಗಿಸಿ ಅನಂತರ ಬಿಡಲಾಯಿತು. ಈಗ ಅಲ್ಲಿ 350ಕ್ಕೂ ಹೆಚ್ಚು ತಾಖಿಗಳಿವೆ.

ಬಿಡುವು ದೊರೆತ ಹುಲ್ಲು

ತಾಖಿಗಾಗಿ ಕಾಯ್ದಿಟ್ಟ ನೆಲದಲ್ಲಿ ಸಾಕುಪ್ರಾಣಿಗಳ ಮೇಯಿಸುವಿಕೆಯನ್ನು ನಿಲ್ಲಿಸಲಾಯಿತು. ಇದರಿಂದ ಹುಲ್ಲಿಗೆ ಆದ ಲಾಭವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳಿತು.

ಹುಲ್ಲಿನ ಗಿಡ ತನ್ನ ಎಲೆಗಳಲ್ಲಿ ಆಹಾರ ತಯಾರಿಸಿ ಅದರ ಒಂದು ಭಾಗವನ್ನು ಬುಡದಲ್ಲಿಯೂ ಬೇರಿನಲ್ಲಿಯೂ ಕೂಡಿಡುತ್ತದೆ. ಚಳಿಗಾಲ ಮುಗಿದೊಡನೆ ಹೊಸ ಚಿಗುರು ಒಡೆಯುವುದು ಈ ಕೂಡಿಟ್ಟ ಆಹಾರದಿಂದ. ಎಳೆ ಚಿಗುರನ್ನೇ ದನಕರುಗಳು ಮತ್ತೆ ಮತ್ತೆ ಮೇಯ್ದರೆ ಗಿಡವು ಬೇರಿನ ದಾಸ್ತಾನನ್ನು ಖರ್ಚು ಮಾಡಿ ಮತ್ತೆ ಚಿಗುರುತ್ತದೆ. ದಾಸ್ತಾನು ತುಂಬುವ ಅವಕಾಶ ಸಿಗದೆ ಹೋದಾಗ ಬೇರು ಕುಗ್ಗಿ, ಗಿಡ ಸಾಯುತ್ತದೆ. ಒಳ್ಳೆಯ ಹುಲ್ಲು ಹೋದ ಜಾಗವನ್ನು ಮಾಚಿಪತ್ರೆಯ ಬಳಗದ ಕುರುಚಲು ಗಿಡಗಳೂ ಗಿಡ್ಡ ಜೇಕಿನ ಜಾತಿಗಳೂ ಆಕ್ರಮಿಸುತ್ತವೆ. ಮಂಗೋಲಿಯದಲ್ಲಿ ಗಾವಲು ಕೆಟ್ಟಿದೆ ಎನ್ನಲು ಇವೇ ಮೊದಲ ಗುರುತು.

ಬಿಡುವು ಸಿಕ್ಕಿದ ಹುಲ್ಲು ತೆನೆಗಟ್ಟಿ ಬೀಜ ಉದುರಿಸುತ್ತದೆ. ನಿಂತ ಒಣ ಹುಲ್ಲು ಚಳಿಗಾಲದಲ್ಲಿ ಹಿಮವನ್ನು ಹಿಡಿದಿಡುತ್ತದೆ; ಅದು ಕರಗಿದಾಗ ನೀರು ಅಲ್ಲಿಯೇ ಇಂಗುತ್ತದೆ. ಉದುರಿದ ಹುಲ್ಲು ಮಣ್ಣಿಗೆ ಹೊದಿಕೆಯಾಗಿ ಗಾಳಿಯ ಕೊರೆತವನ್ನು ತಡೆಯುತ್ತದೆ. ಹಾಗೆಂದು ಮೇಯಿಸುವಿಕೆ ಪೂರ್ತಿ ನಿಂತರೂ ತೊಂದರೆಯೇ. ಒಣ ಹುಲ್ಲು ಅತಿಯಾಗಿ ಶೇಖರವಾದರೆ ಹೊಸ ಚಿಗುರಿಗೆ ಬೆಳಕು ಸಿಗದು, ಬೆಂಕಿಯ ಭಯವೂ ಹೆಚ್ಚು. ಹುಸ್ತಾಯಿಯಲ್ಲಿ ತಾಖಿ ಮತ್ತು ಕೆಂಪು ಜಿಂಕೆಗಳು ಅಲೆದಾಡಿ ಮೇಯುವುದರಿಂದ ಹುಲ್ಲಿನ ಬಳಕೆ ಹದವಾಗಿ ನಡೆಯುತ್ತದೆ. ಅಳಿಲಿನ ಬಳಗದ ಮಾರ್ಮಟ್ ಎಂಬ ಪ್ರಾಣಿ ಬಿಲ ತೋಡಿ ಮಣ್ಣನ್ನು ಮಗುಚಿ ಹಾಕುತ್ತದೆ.

ಗಡಿಯ ಹೊರಗಿನ ಒತ್ತಡ

ಈ ಉದ್ಯಾನಕ್ಕೆ ಸುತ್ತಲೂ ಬೇಲಿಯಿಲ್ಲ. ಅದರಾಚೆ ಪಶುಪಾಲಕ ಕುಟುಂಬಗಳು ಕುರಿ, ಮೇಕೆ, ದನ, ಕುದುರೆಗಳೊಂದಿಗೆ ಬದುಕುತ್ತಿವೆ.

1990ರ ದಶಕದ ಆರಂಭದಲ್ಲಿ ಮಂಗೋಲಿಯದ ಸಾಮೂಹಿಕ ಪಶುಪಾಲನಾ ಸಂಘಗಳು ಮುಚ್ಚಿದವು. ಪ್ರಾಣಿಗಳು ಖಾಸಗಿ ಸ್ವತ್ತಾದವು. ಗಾವಲು ಮಾತ್ರ ಎಲ್ಲರಿಗೂ ಸೇರಿದ್ದಾಗಿ ಉಳಿಯಿತು. ಕೆಲಸ ಕಳೆದುಕೊಂಡ ಪಟ್ಟಣಿಗರೂ ಕುರಿ ಮೇಕೆ ಸಾಕಲು ಬಂದರು. ಮೇಕೆಯ ಕಾಶ್ಮೀರಿ ಉಣ್ಣೆಗೆ ಒಳ್ಳೆಯ ಬೆಲೆ ಇದ್ದುದರಿಂದ ಮೇಕೆಗಳು ಹೆಚ್ಚಿದವು. 1990ರಲ್ಲಿ ದೇಶದಲ್ಲಿ ಸುಮಾರು 50 ಲಕ್ಷ ಮೇಕೆಗಳಿದ್ದವು. 2019ರಲ್ಲಿ ಸುಮಾರು 2.9 ಕೋಟಿ. ಎಲ್ಲ ಸಾಕುಪ್ರಾಣಿಗಳ ಒಟ್ಟು ಸಂಖ್ಯೆ ಇದೇ ಅವಧಿಯಲ್ಲಿ ಸುಮಾರು 2.6 ಕೋಟಿಯಿಂದ 7 ಕೋಟಿಗೆ ಏರಿತು. ಪ್ರಾಣಿ ಹೆಚ್ಚಿಸಿದವನಿಗೆ ಲಾಭ ತನ್ನದು, ಹುಲ್ಲಿನ ನಷ್ಟ ಊರಿನದು.

ಇದರ ಪರಿಣಾಮ ಗೋಚರಿಸುವುದು 'ಜುದ್' ಬಂದಾಗ. ಬೇಸಿಗೆಯ ಬರದ ಹಿಂದೆಯೇ ಕಠಿಣ ಚಳಿಗಾಲ ಬಂದು, ಹುಲ್ಲು ಆಳವಾದ ಹಿಮದ ಅಡಿಯಲ್ಲೋ ಗಟ್ಟಿ ಮಂಜುಗಡ್ಡೆಯ ಅಡಿಯಲ್ಲೋ ಸಿಕ್ಕಿಕೊಳ್ಳುವ ವಿಪತ್ತಿಗೆ ಈ ಹೆಸರು. ಕುದುರೆ ಗೊರಸಿನಿಂದ ಹಿಮ ಕೆದಕಿ ಮೇಯಬಲ್ಲದು. ಅದು ಕೆದಕಿದ ಜಾಗದಲ್ಲಿ ಕುರಿಯೂ ಮೇಯುತ್ತದೆ. ಮಂಜುಗಡ್ಡೆಯಾದರೆ ಯಾವುದಕ್ಕೂ ದಾರಿಯಿಲ್ಲ. 2009-10ರ ಜುದ್‌ನಲ್ಲಿ ಮಂಗೋಲಿಯದ 80 ಲಕ್ಷಕ್ಕೂ ಹೆಚ್ಚು ಸಾಕುಪ್ರಾಣಿಗಳು ಸತ್ತವು. ಬೇಸಿಗೆಯಲ್ಲಿ ಮೈತುಂಬದ ಪ್ರಾಣಿಗಳೇ ಇಂತಹ ವರ್ಷ ಮೊದಲು ಬೀಳುತ್ತವೆ.

ಇಂತಹ ಚಳಿಗಾಲದಲ್ಲಿ ಉದ್ಯಾನದೊಳಗೆ ನಿಂತ ಹುಲ್ಲನ್ನು ನೋಡುತ್ತ ಹೊರಗೆ ತನ್ನ ಕುರಿಗಳು ಸಾಯುವುದನ್ನು ಯಾವ ಪಶುಪಾಲಕನೂ ಸಹಿಸಲಾರ. ಉದ್ಯಾನದ ತೋಳಗಳು ಅವನ ಮರಿಗಳನ್ನು ಒಯ್ಯುವುದೂ ಉಂಟು. ಇನ್ನೊಂದು ಕಡೆ, ಸಾಕು ಕುದುರೆ ಒಳನುಗ್ಗಿದರೆ ತಾಖಿಯೊಡನೆ ಕೂಡಿ ಮಿಶ್ರ ಮರಿಗಳು ಹುಟ್ಟುತ್ತವೆ; ಇವು ಗೊಡ್ಡಾಗಿರದೆ ಮುಂದೆ ಮರಿ ಹಾಕುವುದರಿಂದ ತಳಿಯ ಶುದ್ಧತೆ ಕೆಡುತ್ತದೆ. ಉಣ್ಣೆಹುಳುವಿನಿಂದ ಹರಡುವ ರೋಗಗಳ ಭಯವೂ ಇದೆ. ಎರಡೂ ಕಡೆಯ ಕಷ್ಟ ನಿಜವಾದದ್ದು. ಆದ್ದರಿಂದಲೇ ಸುತ್ತಲಿನ ಮೂರು ತಾಲ್ಲೂಕುಗಳ ಭಾಗಗಳನ್ನು ಅಂಚಿನ ವಲಯವೆಂದು ಗುರುತಿಸಿ, ಅಲ್ಲಿಯ ಕುಟುಂಬಗಳ ಜೀವನೋಪಾಯಕ್ಕೂ ಗಾವಲಿನ ಸುಧಾರಣೆಗೂ ನೆರವು ನೀಡುವ ಕೆಲಸವನ್ನು ಉದ್ಯಾನವೇ ಕೈಗೊಂಡಿದೆ. ಹೊರಗಿನ ಗಾವಲು ಬರಡಾದರೆ ಒಳಗಿನ ಹುಲ್ಲು ಬಹುಕಾಲ ಉಳಿಯದು.

ಗಮನಿಸಬೇಕಾದ ಅಂಶಗಳು

ಋತುವಿಗೊಂದು ಗಾವಲು ಎಂಬ ಪದ್ಧತಿ ಮಂಗೋಲಿಯದಲ್ಲಿ ಹಿಂದಿನಿಂದಲೂ ಇದೆ. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳನ್ನು ಸಹ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ಕಾಯಲಾಗುತ್ತಿತ್ತು. ಗೋಮಾಳ ಉಳಿದಿರುವ ಊರುಗಳ ರೈತ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಮೊದಲ ಮಳೆಗೆ ಚಿಗುರಿದ ಹುಲ್ಲಿಗೆ ಕೂಡಲೇ ದನ ಬಿಡಬಾರದು. ಗಿಡ ಬೇರೂರಿ ಎಲೆ ತುಂಬಿದ ಮೇಲೆ ಮೇಯಿಸಬೇಕು.

2. ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಬೇಕು. ಪ್ರತಿವರ್ಷ ಒಂದು ಭಾಗವಾದರೂ ಬೀಜ ಉದುರುವವರೆಗೆ ಬಿಡುವಿನಲ್ಲಿರಬೇಕು.

3. ಹುಲ್ಲನ್ನು ಬುಡದವರೆಗೆ ಮೇಯಿಸದೆ ಅರ್ಧದಷ್ಟನ್ನು ನೆಲದ ಮೇಲೆ ಉಳಿಸಬೇಕು.

4. ದನ ತಿನ್ನದ ಗಿಡಗಳು ಹೆಚ್ಚುತ್ತಿದ್ದರೆ ಅದು ಮೇಯಿಸುವಿಕೆ ಮಿತಿ ಮೀರಿದೆ ಎಂಬ ಎಚ್ಚರಿಕೆ.

5. ಸರದಿಯ ನಿಯಮವನ್ನು ಊರಿನ ಎಲ್ಲ ದನಗಾರರೂ ಸೇರಿ ಗೊತ್ತುಮಾಡಬೇಕು. ಒಬ್ಬರು ಮುರಿದರೂ ಉಳಿದವರ ಶ್ರಮ ವ್ಯರ್ಥ.

ಬರಗಾಲದಲ್ಲಿ ಮೇವು ಹುಡುಕುವುದಕ್ಕಿಂತ ಒಳ್ಳೆಯ ವರ್ಷದಲ್ಲಿ ಹುಲ್ಲಿನ ಬೇರನ್ನು ಬಲಪಡಿಸುವುದು ಅಗ್ಗದ ಉಪಾಯ.