ಸುರುಳಿ ಸುತ್ತಿದರೆ ಚಿಮಣಿ

ಬೆನ್ನುಚೀಲದೊಳಗೆ ಕೈಹಾಕಿ ತಮ್ಮ ಹೊರಗೆಳೆದದ್ದು ಒಂದಡಿ ಉದ್ದದ ಲೋಹದ ಸುರುಳಿ. ಬಿಚ್ಚಿದರೆ ಏಳಡಿ ಹಾಳೆ, ಮದುವೆಯ ಕರೆಯೋಲೆಗಿಂತಲೂ ತೆಳು. "ಇದೇ ಚಿಮಣಿ" ಅಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ.

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಗ್ರ್ಯಾಂಡ್ ಮೇಸಾ ಎಂಬ ನೆತ್ತಿ ಚಪ್ಪಟೆಯಾದ ಭಾರೀ ಬೆಟ್ಟವಿದೆ. ಎತ್ತರ ಸುಮಾರು 3,000 ಮೀಟರ್, ಮೇಲೆ ನೂರಾರು ಕೆರೆಗಳು, ಸುತ್ತ ಸ್ಪ್ರೂಸ್ ಕಾಡು. ಸೆಪ್ಟೆಂಬರ್ ಕೊನೆಯ ವಾರ. ಕತ್ತಲಾದರೆ ನೀರು ಹೆಪ್ಪುಗಟ್ಟುವ ಚಳಿ. ತಮ್ಮ, ಅವನ ಹೆಂಡತಿ, ಹನ್ನೊಂದರ ಮಗಳು, ಏಳರ ಮಗ, ಜೊತೆಗೆ ಚಳಿಯೆಂದರೆ ಮೂಗು ಮುರಿಯುವ ನಾನು. ಎಲ್ಲವನ್ನೂ ಹೊತ್ತುಕೊಂಡು ನಡೆದೇ ಬಂದಿದ್ದೆವು. ಇಷ್ಟು ಸಾಮಾನಿನ ನಡುವೆ ಡೇರೆಯೊಳಗೆ ಹಚ್ಚುವ ಒಲೆಯೂ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಚೀಲದಲ್ಲಿ ಇಡುವಾಗ ಹಾಳೆಯನ್ನು ಉದ್ದಕ್ಕೆ ಸುತ್ತುತ್ತಾರೆ, ಚಿಮಣಿ ಮಾಡುವಾಗ ಅಡ್ಡಕ್ಕೆ. ಹೇಳುವುದು ಸುಲಭ. ಟೈಟಾನಿಯಂ ಹಾಳೆಗೆ ತನ್ನದೇ ಹಟವಿದೆ. ಒಂದು ತುದಿಯನ್ನು ಸುತ್ತಿ ತಂತಿಯ ಬಳೆ ತೊಡಿಸುವಷ್ಟರಲ್ಲಿ ಇನ್ನೊಂದು ತುದಿ ಛಟ್ ಎಂದು ಬಿಚ್ಚಿಕೊಳ್ಳುತ್ತದೆ. ಅಂಚು ಬ್ಲೇಡಿನಷ್ಟು ಹರಿತ, ಕೈಗವಸಿಲ್ಲದೆ ಮುಟ್ಟುವಂತಿಲ್ಲ. "ದೊಡ್ಡಪ್ಪ, ಬಿಡ್ಬೇಡಿ, ಬಿಡ್ಬೇಡಿ!" ಎಂದು ಹುಡುಗ ಕಿರುಚುತ್ತಿದ್ದ, ನಾನು ನಡುಭಾಗವನ್ನು ಅವುಚಿಕೊಂಡು ಹುಲ್ಲಿನ ಮೇಲೆ ಮಂಡಿಯೂರಿದ್ದೆ. ಅಡಿಗೊಂದರಂತೆ ಬಳೆ ಬಿದ್ದ ಮೇಲೆ ನೋಡಿದರೆ ಏಳಡಿಯ ನೆಟ್ಟನೆಯ ಕೊಳವೆ! ಮೊದಲ ಸಲ ಕಾಸಿದಾಗ ಕೊಳವೆಯ ಆಕಾರ ಹಾಳೆಗೆ ರೂಢಿಯಾಗುತ್ತದಂತೆ, ಆಮೇಲೆ ಸುತ್ತುವುದು ಮೊದಲ ಸಲದಷ್ಟು ಕಷ್ಟವಿಲ್ಲ. ಆ ಮೊದಲ ಬೆಂಕಿಯ ಗುರುತು ಮೈಮೇಲೆ ಉಳಿದಿತ್ತು: ಬುಡದಲ್ಲಿ ನೀಲಿ, ಮೇಲಕ್ಕೆ ನೇರಳೆ, ಅಲ್ಲಿಂದ ಹೊಂಬಣ್ಣ. ಬಣ್ಣ ಬಳಿದದ್ದಲ್ಲ; ಕಾದ ಲೋಹದ ಮೇಲೆ ಕೂತ ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಆಡುವ ಆಟ.

ಒಲೆಯೂ ಹಾಗೆಯೇ, ಬಿಡಿ ತಗಡುಗಳನ್ನು ಜೋಡಿಸಿದರೆ ಒಂದು ಡಬ್ಬಿ. ಉಕ್ಕಿನ ಸಾಂದ್ರತೆ 7.8 ಆದರೆ ಟೈಟಾನಿಯಂನದು 4.5, ಕರಗಲು 1,668 ಡಿಗ್ರಿ ಸೆಲ್ಸಿಯಸ್ ಬೇಕು. ಹಾಗಾಗಿ ಹಾಳೆಯಷ್ಟು ತೆಳುವಾಗಿಸಿದರೂ ಬೆಂಕಿಗೆ ಜಗ್ಗುವುದಿಲ್ಲ. ಒಲೆ, ಚಿಮಣಿ ಎರಡೂ ಸೇರಿ ಒಂದೂವರೆ ಕಿಲೋ ಒಳಗೆ. ಮಕ್ಕಳು ಆಯ್ದು ತಂದ ಹೆಬ್ಬೆರಳು ಗಾತ್ರದ ಪುಳ್ಳೆ ತುರುಕಿ ಕಡ್ಡಿ ಗೀರಿದ ಐದೇ ನಿಮಿಷಕ್ಕೆ ಚಿಮಣಿಯ ಬುಡ ಕೆಂಪಗಾಯಿತು. ಸ್ವೆಟರ್ ಬಿಚ್ಚಿದೆವು. ದಾರಕ್ಕೆ ನೇತುಹಾಕಿದ್ದ ಒದ್ದೆ ಕಾಲುಚೀಲಗಳಿಂದ ಆವಿ ಏಳತೊಡಗಿತು. ಹೊರಗೆ ಹೆಪ್ಪುಗಟ್ಟುವ ಚಳಿ, ಡೇರೆಯೊಳಗೆ ಊರಿನ ಬಚ್ಚಲುಮನೆಯ ಹಂಡೆ ಒಲೆಯ ಮುಂದೆ ಕೂತ ಹಾಗೆ.

ಈ ಶಂಕುವಿನಾಕಾರದ, ನಡುವೆ ಒಂದೇ ಕಂಬದ, ನೆಲಹಾಸಿಲ್ಲದ ಡೇರೆಯ ವಂಶಾವಳಿ ಹುಡುಕಿದರೆ ಒಬ್ಬ ವಿಚಿತ್ರ ಮನುಷ್ಯ ಸಿಗುತ್ತಾನೆ. ಹೆನ್ರಿ ಹಾಪ್ಕಿನ್ಸ್ ಸಿಬ್ಲಿ, ಅಮೆರಿಕ ಸೇನೆಯ ಅಧಿಕಾರಿ. ಟೆಕ್ಸಸ್‌ನಲ್ಲಿದ್ದಾಗ ಅಲ್ಲಿನ ಮೂಲನಿವಾಸಿಗಳ ಟೀಪಿ ಎಂಬ ಡೇರೆಗಳನ್ನು ನೋಡಿ, ಹಲವು ಗಳುಗಳ ಬದಲು ಮುಕ್ಕಾಲಿಯ ಮೇಲೆ ನಿಂತ ಒಂದೇ ಕಂಬದ ಡೇರೆ ಮಾಡಿದ. 1856ರಲ್ಲಿ ಪೇಟೆಂಟ್ ಪಡೆದ. ಬುದ್ಧಿ ಬಯಲುಸೀಮೆಯ ಬುಡಕಟ್ಟುಗಳದ್ದು, ಪೇಟೆಂಟ್ ಮಾತ್ರ ಸಾಹೇಬರದ್ದು. ತಳವಿಲ್ಲದ ಆಲಿಕೆಯನ್ನು ಬೋರಲು ಹಾಕಿದಂಥ ಅವನ ತಗಡಿನ ಒಲೆಯ ಸುತ್ತ ಹನ್ನೆರಡು ಸೈನಿಕರು ಒಲೆಯ ಕಡೆ ಕಾಲು ಚಾಚಿ ಮಲಗುತ್ತಿದ್ದರು. ಡೇರೆಗೆ ಐದು ಡಾಲರ್ ರಾಯಧನ. ಅದರಲ್ಲಿ ಅರ್ಧ ಬರ್ನ್ಸ್ ಎಂಬ ಸಹೋದ್ಯೋಗಿಗೆ. 1861ರಲ್ಲಿ ಅಂತರ್ಯುದ್ಧ ಶುರುವಾಯಿತು, ಸಿಬ್ಲಿ ದಕ್ಷಿಣದವರ ಪಾಳಯಕ್ಕೆ ಹಾರಿದ. ಉತ್ತರದ ಸರ್ಕಾರ 40 ಸಾವಿರಕ್ಕೂ ಹೆಚ್ಚು ಡೇರೆ ಹೊಲಿಸಿತು, ಅವನಿಗೆ ಬಿಡಿಗಾಸೂ ಕೊಡಲಿಲ್ಲ. ಉತ್ತರದಲ್ಲೇ ಉಳಿದ ಬರ್ನ್ಸ್ ತನ್ನ ಅರ್ಧಪಾಲಿಗಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಗೆದ್ದ. ಇನ್ನೂ ಮಜಾ ಇದೆ. 1862ರಲ್ಲಿ ಸಿಬ್ಲಿ ಕೊಲರಾಡೊದ ಚಿನ್ನದ ಗಣಿಗಳ ಮೇಲೆ ಕಣ್ಣಿಟ್ಟು ದಂಡೆತ್ತಿ ಹೊರಟ. ನ್ಯೂ ಮೆಕ್ಸಿಕೋದ ಗ್ಲೋರಿಯೆಟಾ ಕಣಿವೆಯಲ್ಲಿ ಅವನ ಸೈನ್ಯದ ಸಾಮಾನಿನ ಗಾಡಿಗಳನ್ನೆಲ್ಲ ಸುಟ್ಟವರಲ್ಲಿ ಕೊಲರಾಡೊ ಸ್ವಯಂಸೇವಕರೇ ಮುಂದು. ಸಿಬ್ಲಿ ಕೊಲರಾಡೊ ಮುಟ್ಟಲೇ ಇಲ್ಲ. ಆಮೇಲೆ ಈಜಿಪ್ಟಿಗೆ ಹೋಗಿ ಅಲ್ಲಿನ ಸೇನೆಯಲ್ಲೂ ಕೆಲಕಾಲ ದುಡಿದ. ಅವನ ಡೇರೆಯ ಮೊಮ್ಮಕ್ಕಳನ್ನು ಇವತ್ತು ನೈಲಾನ್‌ನಲ್ಲಿ ಹೊಲಿದು ಮಾರುವ ಹೆಸರುವಾಸಿ ಕಂಪನಿಗಳಲ್ಲಿ ಕಿಫಾರು ಹುಟ್ಟಿದ್ದು ಇದೇ ಕೊಲರಾಡೊದಲ್ಲಿ, ಸೀಕ್ ಔಟ್‌ಸೈಡ್ ಇರುವುದು ಗ್ರ್ಯಾಂಡ್ ಮೇಸಾದ ಕೆಳಗಿನ ಗ್ರ್ಯಾಂಡ್ ಜಂಕ್ಷನ್‌ನಲ್ಲಿ.

ಇರಲಿ, ಡೇರೆಗೆ ಬರೋಣ. ಒಂಬತ್ತಕ್ಕೆ ಪುಳ್ಳೆ ಹಾಕುವುದು ನಿಲ್ಲಿಸಿದೆವು. ಒಂಬತ್ತೂವರೆಗೆ ಒಳಗೂ ಹೊರಗಿನಷ್ಟೇ ಚಳಿ! ಜಾಹೀರಾತುಗಳು ಮೆಲ್ಲಗೆ ನುಂಗಿಬಿಡುವ ಸಂಗತಿ ಇದು. ತೆಳು ತಗಡಿನಲ್ಲಿ ಕಾವು ನಿಲ್ಲುವುದಿಲ್ಲ, ತೆಳು ಬಟ್ಟೆ ಅದನ್ನು ಹಿಡಿದಿಡುವುದಿಲ್ಲ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಉಣಿಸುತ್ತಿದ್ದರಷ್ಟೇ ಒಲೆ. ರಾತ್ರಿಯ ಚಳಿಗೆ ದಪ್ಪ ಸ್ಲೀಪಿಂಗ್ ಬ್ಯಾಗೇ ಗತಿ. ಒಲೆ ಇದೆಯೆಂದು ಮಕ್ಕಳಿಗೆ ತೆಳುವಾದದ್ದು ಕೊಂಡರೆ ಕೆಟ್ಟಿರಿ. ಸಂಜೆಯ ಎರಡು ತಾಸು, ಬೆಳಗಿನ ಒಂದು ತಾಸು, ಒಣಗಿದ ಬಟ್ಟೆ, ಬಿಸಿ ಸಾರು: ದುಡ್ಡು ಕೊಡುವುದು ಇಷ್ಟಕ್ಕೆ. ಚಿಕ್ಕ ಮಕ್ಕಳಿದ್ದವರಿಗೆ ಇದೂ ಕಡಿಮೆಯೇನಲ್ಲ ಅನ್ನುವುದು ನನ್ನ ಲೆಕ್ಕ. ಚಳಿಗಾಲದ ಟ್ರೆಕ್ಕಿನಲ್ಲಿ ಮಕ್ಕಳು ರಗಳೆ ತೆಗೆಯುವುದು ನಡೆಯುವಾಗ ಅಲ್ಲ, ನಿಂತ ಮೇಲೆ.

ಕೊಳ್ಳುವಾಗ 'ಆರು ಜನರಿಗೆ' ಎಂದು ಬರೆದಿದ್ದರೆ ನಾಲ್ಕು ಎಂದೇ ಓದಿಕೊಳ್ಳಿ. ಒಲೆಗೂ ಅದರ ಸುತ್ತಲಿನ ಖಾಲಿ ಜಾಗಕ್ಕೂ ಇಬ್ಬರ ಪಾಲು ಹೋಗುತ್ತದೆ. ಆ ಗಾತ್ರದ ನೈಲಾನ್ ಡೇರೆ ಕಂಬ, ಗೂಟ ಸೇರಿ ಸುಮಾರು ಮೂರು ಕಿಲೋ. ಒಲೆ ಸೇರಿದರೆ ನಾಲ್ಕೂವರೆ. ಇಬ್ಬರು ಹಿರಿಯರು ಹಂಚಿಕೊಂಡು ಹೊರಬಹುದು. ಕ್ಯಾನ್ವಾಸಿನದಾದರೆ ಬೆಚ್ಚಗೇನೋ ಇರುತ್ತದೆ, ಒಯ್ಯಲು ಕಾರೇ ಬೇಕು. ಡೈನೀಮಾ ಎಂಬ ದುಬಾರಿ ಬಟ್ಟೆ ಇನ್ನೂ ಹಗುರ ನಿಜ, ಆದರೆ ಅದು 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ; ನೈಲಾನ್ 200 ದಾಟುವವರೆಗೂ ತಾಳುತ್ತದೆ. ಕಿಡಿ ಹಾರುವ ಜಾಗದಲ್ಲಿ ನನ್ನ ಓಟು ನೈಲಾನಿಗೆ, ಅದಕ್ಕೂ ಸೂಜಿತೂತು ಬೀಳುವುದು ತಪ್ಪುವುದಿಲ್ಲ. ಚಿಮಣಿ ಬಟ್ಟೆಯನ್ನು ದಾಟುವ ಕಡೆ ಶಾಖ ತಡೆಯುವ ಗಾಜಿನ ನಾರಿನ ತೇಪೆ ಇದೆಯೇ ಎಂದು ಮೊದಲು ನೋಡಬೇಕು. ಅದಿಲ್ಲದ ಡೇರೆಗೆ ಮನೆಯಲ್ಲಿ ತೂತು ಕೊರೆಯುವ ಸಾಹಸ ಬೇಡ.

ಗ್ಯಾಸ್ ಹೀಟರ್ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಚಿಮಣಿಯಿಲ್ಲದ ಹೀಟರ್ ಉಗುಳುವುದೆಲ್ಲ ಒಳಗೇ ಉಳಿಯುತ್ತದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಮಿಕ್ಕಿ ನೀರಾವಿ. ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ಹಾಸಿಗೆ ಮೇಲೇ ಉದುರುತ್ತದೆ. ಅದಕ್ಕಿಂತ ಕೆಟ್ಟದ್ದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಸೌದೆ ಒಲೆಯಾದರೂ ಮೇಲಿನ ಗಾಳಿಕಿಂಡಿ ತೆರೆದಿರಬೇಕು, ಕೆಂಡವಿರುವಾಗ ಯಾರೂ ಮಲಗಬಾರದು. ತಮ್ಮನ ಡೇರೆಯಲ್ಲಿ ಬ್ಯಾಟರಿಯ ಅಲಾರಂ ಒಂದು ಕಂಬಕ್ಕೆ ನೇತಾಡುತ್ತಿತ್ತು. ಉಳಿದ ಕಾನೂನೆಲ್ಲ ಅವನ ಹೆಂಡತಿಯದು: "ಒಲೆ ಉರೀತಿರೋವಾಗ ಹೇಳ್ದೆ ಕೇಳ್ದೆ ಯಾರೂ ಎದ್ದು ನಿಲ್ಲೋ ಹಾಗಿಲ್ಲ. ದೊಡ್ಡಪ್ಪಂಗೂ ಇದೇ ರೂಲು." ಒಲೆಗೂ ಮಕ್ಕಳ ಹಾಸಿಗೆಗೂ ನಡುವೆ ಬೆನ್ನುಚೀಲಗಳನ್ನು ಗೋಡೆಯಂತೆ ಒಟ್ಟಿದ್ದಳು.

ಹಿಮಾಲಯಕ್ಕೆ ಹೋಗುವ ನಮ್ಮವರು ಇದನ್ನು ಒಯ್ಯಬಹುದೇ? ನನಗೆ ಅನುಮಾನ. ಮರ ಬೆಳೆಯುವ ಎತ್ತರ ದಾಟಿದರೆ ಪುಳ್ಳೆಯೇ ಸಿಗುವುದಿಲ್ಲ. ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ಪಶ್ಚಿಮ ಘಟ್ಟಕ್ಕಂತೂ ಒಲೆ ದಂಡ. ಬಿದ್ದ ಒಣಸೌದೆ ಧಾರಾಳವಾಗಿರುವ, ಅದನ್ನು ಉರಿಸಲು ಅನುಮತಿಯೂ ಇರುವ ತಣ್ಣನೆಯ ಕಾಡೇ ಇದಕ್ಕೆ ಸರಿ. ಕೊಲರಾಡೊದಲ್ಲೂ ಒಣ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ನಿರ್ಬಂಧ ಹೇರಿದರೆ ಒಳನಾಡಿನ ಕಾಡಿನಲ್ಲಿ ಸೌದೆ ಒಲೆ ಹಚ್ಚುವಂತಿಲ್ಲ. ಗ್ಯಾಸ್ ಸ್ಟವ್‌ಗೆ ಮಾತ್ರ ವಿನಾಯಿತಿ. ಆಗ ತಮ್ಮ ತೇಪೆಯ ಮೇಲಿನ ಮುಚ್ಚಳ ಎಳೆದು ಬರೀ ಡೇರೆಯನ್ನೇ ಒಯ್ಯುತ್ತಾನೆ. ಉಳಿದ ಒಂದೂವರೆ ಕಿಲೋ ಜಾಗಕ್ಕೆ ಮಕ್ಕಳು ಈಗಾಗಲೇ ಮೀನಿನ ಗಾಳಕ್ಕೆ ಅರ್ಜಿ ಹಾಕಿದ್ದಾರೆ.